ನಾನು ಹಿಡಿದಾಗ ಇತ್ತು

ವೇದಿಕೆಯ ನಡುಗುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತಿರುವ, ತಮ್ಮ ಕಾರ್ಖಾನೆಯ ಚೂಪುಮೂತಿಯ ಶೂಗಳಿಂದ ನಮ್ಮ ವಿಭಾಗಕ್ಕೆ ಎಂದೂ ರೋಗಿಗಳ ಕೊರತೆಯಾಗದಂತೆ ನೋಡಿಕೊಂಡಿರುವ ಮುಖ್ಯ ಅತಿಥಿಗಳೇ, ಇಂದಿನ ಸನ್ಮಾನಿತರೂ ನನ್ನ ಬಹುಕಾಲದ ಸಹೋದ್ಯೋಗಿಯೂ ಆದ ತಣ್ಣಗೈ ಡಾಕ್ಟರೇ, ಮುಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ನನ್ನ ವಿಭಾಗದವರೇ, ಊಟದ ಕೋಣೆಯ ಬಾಗಿಲಿಗೆ ಹತ್ತಿರವಾಗುವಂತೆ ಹಿಂದಿನ ಸಾಲು ಹಿಡಿದಿರುವ ಬುದ್ಧಿವಂತ ಸಭಿಕರೇ,

ಎಲ್ಲರಿಗೂ ಸಂಜೆಯ ವಂದನೆಗಳು.

ಅಧ್ಯಕ್ಷರು ಈಗ ಕಾಲು ಕೆಳಗಿಳಿಸಿದರು. ಬೇಡ ಸಾರ್, ಹಾಗೇ ಇರಲಿ. ಬೇರೆ ಸಭೆಗಳಲ್ಲಿ ಕಾಲು ತೋರಿಸುವುದು ಅಗೌರವ ಇರಬಹುದು. ಪಾದ ಪರೀಕ್ಷಾ ವಿಭಾಗದಲ್ಲಿ ಕಾಲು ತೋರಿಸದವರ ಮೇಲೆಯೇ ನಮಗೆ ಅನುಮಾನ. ಅಂದಹಾಗೆ ನಿಮ್ಮ ಎಡ ಹಿಮ್ಮಡಿ ಸ್ವಲ್ಪ ಹೊರಕ್ಕೆ ವಾಲಿದೆ. ಸೋಮವಾರ ಬನ್ನಿ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೆಟ್ಟಿಲು ಹತ್ತುವಾಗ ನಿರೂಪಕಿ ನನ್ನ ತೋಳು ಹಿಡಿದು, "ಮೇಡಂ, ಕೈ ಮುಗೀತೀನಿ, ಇವತ್ತೊಂದಿನ ಯಾರ ಕಾಲೂ ಎಳೀಬೇಡಿ" ಎಂದಳು. ಸ್ವಾಮಿ, ಕಾಲು ಎಳೆಯುವುದಕ್ಕೇ ಅಲ್ಲವೇ ಈ ಸಂಸ್ಥೆ ನನಗೆ ಸಂಬಳ ಕೊಡುತ್ತಿರುವುದು? ಕಾಲು ಎಳೆದಿದ್ದೇನೆ, ಕಾಲು ತಿರುಚಿದ್ದೇನೆ, ಹಿಡಿಯಬಾರದವರ ಕಾಲನ್ನೆಲ್ಲ ಹಿಡಿದಿದ್ದೇನೆ. ಈ ಕೆಲಸಕ್ಕೆ ಸೇರಿದ ದಿನ ನಮ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳು, "ಇಷ್ಟೆಲ್ಲಾ ಓದಿ ಕೊನೆಗೆ ಊರೋರ ಕಾಲು ಹಿಡಿಯೋ ಕೆಲಸಕ್ಕೆ ಸೇರ್ಕೊಂಡ್ಯಾ?" ಪಕ್ಕದ ಮನೆಯವರಿಗೆ ಮಾತ್ರ "ಮಗಳು ಡಾಕ್ಟ್ರು" ಎನ್ನುತ್ತಿದ್ದಳು. ಯಾವ ಡಾಕ್ಟರು ಎಂದರೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋಗುತ್ತಿದ್ದಳು.

ಇರಲಿ. ಸನ್ಮಾನಿತರ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಮೇಜಿನ ಮೇಲಿರುವ ನೆನಪಿನ ಕಾಣಿಕೆಯ ವಿಷಯ. ಅದು ಗಾಜಿನ ಪಾದ. ಅಂಗಡಿಯವನು ಮೂರು ಮಾದರಿ ತಂದಿದ್ದ. ಆಯ್ಕೆಗೆ ನಮ್ಮ ಹಿರಿಯ ಪರೀಕ್ಷಕರ ಸಮಿತಿ ಕುಳಿತಿತು. ಒಬ್ಬರು ಪಾದ ಚಪ್ಪಟೆ ಎಂದರು. ಇನ್ನೊಬ್ಬರು ಕಮಾನು ಅತಿ ಎತ್ತರ ಎಂದರು. ಮೂರನೆಯವರು ಬೆರಳು ಹಾಕಿ ನೋಡಿ, ಪಾದ ಸರಿಯಾಗಿದೆ, ಮೇಜು ಸೊಟ್ಟಗಿದೆ ಎಂದರು. ಸಭಿಕರೇ, ಮೂವರೂ ನೋಡುತ್ತಿದ್ದದ್ದು ಒಂದೇ ಪಾದ. ಅದೂ ಗಾಜಿನದು. ಅಲುಗಾಡುವುದಿಲ್ಲ, ನೋವು ಎನ್ನುವುದಿಲ್ಲ, ಕಚಗುಳಿಯಾಗಿ ಹಿಂದಕ್ಕೆಳೆದುಕೊಳ್ಳುವುದೂ ಇಲ್ಲ. ಇಂಥ ಪಾದದ ಮೇಲೆಯೇ ಒಮ್ಮತ ಬಾರದ ನಾವು ನಿಮ್ಮ ಪಾದ ಮುಟ್ಟಿ ಏನು ಹೇಳುತ್ತೇವೆಯೋ ಅದನ್ನು ನೀವು ಇಷ್ಟು ವರ್ಷ ನಂಬಿದ್ದೀರಿ. ನಿಮ್ಮ ದೊಡ್ಡ ಮನಸ್ಸಿಗೆ ಏನೆಂದು ಧನ್ಯವಾದ ಹೇಳಲಿ?

ಈ ನಂಬಿಕೆಯ ವಿಷಯವನ್ನೇ ನಾನು ಇವತ್ತು ಮಾತನಾಡಬೇಕಾಗಿದೆ. ಸನ್ಮಾನಿತರು ಇಂದು ನಿವೃತ್ತರಾಗುತ್ತಿದ್ದಾರೆ. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಸಾಮಾನು ಏರುತ್ತದೆ, ಇವರು ದೂರದ ಊರಿನಲ್ಲಿರುವ ತಂಗಿಯ ಮನೆಗೆ ಹೋಗಿ ನೆಲೆಸುತ್ತಾರೆ. ನಾನು ಇವರನ್ನು ಒಂದು ಪ್ರಶ್ನೆ ಕೇಳುವುದು ಬಹಳ ಕಾಲದಿಂದ ಬಾಕಿ ಇದೆ. ಇಂದು ಕೇಳದಿದ್ದರೆ ಇನ್ನು ಕೇಳಿದಂತೆಯೇ. ಆದ್ದರಿಂದ ಹಿಂದಿನ ಸಾಲಿನವರು ಹಸಿವು ತಡೆದುಕೊಳ್ಳಬೇಕು.

ಇವರಿಗೆ ತಣ್ಣಗೈ ಎಂಬ ಹೆಸರು ಇಟ್ಟವರು ರೋಗಿಗಳು. ಇವರ ಕೈ ತಗುಲಿದರೆ ಸಾಕು, ಎಂಥ ಗಟ್ಟಿ ಮನುಷ್ಯನೂ "ಅಯ್ಯಪ್ಪಾ" ಎಂದು ಕಾಲು ಸೆಳೆದುಕೊಳ್ಳುತ್ತಿದ್ದ. ಅದಕ್ಕಾಗಿ ಇವರು ಬಿಸಿನೀರು ತುಂಬಿದ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಮೇಲೆ ರೋಗಿಯನ್ನು ಮುಟ್ಟುತ್ತಿದ್ದರು. ಲೋಟದ ಅಂಚಿನಲ್ಲಿ ಒಂದು ಕಡೆ ನೆಗ್ಗಿದೆ, ಆ ನೆಗ್ಗನ್ನು ಯಾವಾಗಲೂ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ನೀರು ಕುಡಿಯುವುದಿಲ್ಲ, ಕೈ ಕಾದ ಮೇಲೆ ಕಿಟಕಿಯ ಗಿಡಕ್ಕೆ ಹಾಕುತ್ತಾರೆ. ಬಿಸಿ ನೀರು ಹಾಕಿದರೂ ಆ ಗಿಡ ಸತ್ತಿಲ್ಲ. ಇದನ್ನೆಲ್ಲ ನಾನು ಯಾಕೆ ಗಮನಿಸಿದೆ ಎಂದು ಕೇಳಬೇಡಿ. ಎದುರುಬದುರು ಕೋಣೆ. ಬಾಗಿಲು ತೆರೆದಿರುತ್ತದೆ. ಕಣ್ಣು ಎಲ್ಲಾದರೂ ಇರಬೇಕಲ್ಲ.

ಕೈ ತಣ್ಣಗೆ, ಮನುಷ್ಯ ಇನ್ನೂ ತಣ್ಣಗೆ. ಒಮ್ಮೆ ನಮ್ಮ ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಒಳಗೆ ಇವರು, ನಾನು, ಲೆಕ್ಕಪತ್ರ ವಿಭಾಗದ ಗುಮಾಸ್ತರು, ಊರುಗೋಲಿನ ಒಬ್ಬ ಅಜ್ಜಿ. ದೀಪ ಹೋಯಿತು. ಗುಮಾಸ್ತರು ಮನೆದೇವರನ್ನು ಕರೆಯತೊಡಗಿದರು. ಅಜ್ಜಿ ಗುಮಾಸ್ತರನ್ನು ಬೈಯತೊಡಗಿದರು. ಇವರು ಕತ್ತಲೆಯಲ್ಲಿ ಒಬ್ಬೊಬ್ಬರ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಗುಮಾಸ್ತರದು ಓಡುತ್ತಿದೆ, ಮೇಡಂದು ಪರವಾಗಿಲ್ಲ, ಅಜ್ಜಿಯದು ಎಲ್ಲರಿಗಿಂತ ಚೆನ್ನಾಗಿದೆ ಎಂದರು. "ನಿಮ್ದು ಹೇಗಿದೆಯಪ್ಪಾ?" ಎಂದು ಅಜ್ಜಿ ಕೇಳಿದರು. "ನನ್ದು ಎಂದೂ ಏರಲ್ಲ ಅಜ್ಜಿ" ಎಂದರು. ಅಜ್ಜಿ ಹಿಡಿದು ನೋಡಿ, "ಬದುಕಿದ್ದೀಯೇನೋ?" ಎಂದರು. ಈ ಮಾತು ನೆನಪಿಟ್ಟುಕೊಳ್ಳಿ. ಇವರ ನಾಡಿ ಎಂದೂ ಏರುವುದಿಲ್ಲ. ಇವರೇ ಹೇಳಿದ್ದು.

ಈಗ ಆ ಪರೀಕ್ಷೆಯ ಕಥೆ. ನಮ್ಮಲ್ಲಿ ಹಳಬರಿಗೆ ಗೊತ್ತು, ಹೊಸಬರಿಗೆ ಅದರ ಗಾದೆಮಾತು ಮಾತ್ರ ಗೊತ್ತು. ಆಗ ನಾನು ಹೊಸದಾಗಿ ಸೇರಿದ್ದೆ. ನಮ್ಮ ವಿಭಾಗದ ಪರೀಕ್ಷಕರು ಕೈಯಿಂದ ಮುಟ್ಟಿ ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತಿಳಿಯಲು ಮೇಲಿನವರು ಹೊರಗಿನಿಂದ ಒಬ್ಬ ಲೆಕ್ಕದ ಮೇಷ್ಟ್ರನ್ನು ಕರೆಸಿದರು. ಆತ ಇದೇ ಸಭಾಂಗಣದಲ್ಲಿ ಅಡ್ಡಲಾಗಿ ಹಸಿರು ಪರದೆ ಕಟ್ಟಿಸಿದ. ಪರದೆಯ ಆಚೆ ಸಾಲಾಗಿ ಬೆಂಚು. ಬೆಂಚಿನ ಮೇಲೆ ಪಾದ ಕೊಟ್ಟವರು ಮಲಗಬೇಕು, ಪಾದ ಮಾತ್ರ ಪರದೆಯ ಕೆಳಗಿನಿಂದ ಈಚೆಗೆ ಚಾಚಿರಬೇಕು. ಪರೀಕ್ಷಕರು ಒಬ್ಬೊಬ್ಬರಾಗಿ ಬಂದು, ಯಾರ ಪಾದ ಎಂದು ತಿಳಿಯದೆ, ಮುಟ್ಟಿ ನೋಡಿ ಹೇಳಬೇಕು. ಕಮಾನು ಎಷ್ಟು ಎತ್ತರ, ಹಿಮ್ಮಡಿ ಎತ್ತ ವಾಲಿದೆ, ಪಾದದ ಮೇಲಿನ ನಾಡಿ ಸಿಗುತ್ತದೆಯೋ ಇಲ್ಲವೋ. ಹೊಸಬಳಾದ ನನಗೆ ಪರೀಕ್ಷಿಸುವ ಅರ್ಹತೆ ಇರಲಿಲ್ಲ. ಮಲಗುವ ಅರ್ಹತೆ ಇತ್ತು. ಮಲಗಿದೆ.

ನನ್ನ ಪಾದದ ಬಗ್ಗೆ ನಿಮಗೊಂದು ಗುಟ್ಟು ಹೇಳಬೇಕು. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನಿಂದ ಸ್ವಲ್ಪ ಮೇಲಕ್ಕೆ ಬಂದರೆ, ಎಲ್ಲರಿಗೂ ಒಂದು ನಾಡಿ ಮಿಡಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಇದೆಯೋ ಇಲ್ಲವೋ ಎಂಬುದರ ಮೇಲೆ ಕೆಲವೊಮ್ಮೆ ಕಾಲೇ ಉಳಿಯುತ್ತದೆ, ಇಲ್ಲವೇ ಹೋಗುತ್ತದೆ. ಕೆಲವರಿಗೆ ಮಾತ್ರ ಹುಟ್ಟಿನಿಂದಲೇ ಅಲ್ಲಿ ನಾಡಿ ಸಿಗುವುದಿಲ್ಲ. ಏನೂ ತೊಂದರೆಯಿಲ್ಲ, ರಕ್ತ ಹಿಂಬಾಗಿಲಿನಿಂದ ಬರುತ್ತದೆ. ನಾನು ಆ ಕೆಲವರಲ್ಲಿ ಒಬ್ಬಳು. ನನ್ನ ಪಾದ ಮುಟ್ಟಿದವರೆಲ್ಲ "ನಾಡಿ ಇಲ್ಲ" ಎಂದರು. ಒಬ್ಬರ ಹಿಂದೆ ಒಬ್ಬರು ಬಂದರು, ಸೀನುವಷ್ಟು ಹೊತ್ತು ಮುಟ್ಟಿದರು, ಇಲ್ಲ ಎಂದು ಪಿಸುಗುಟ್ಟಿ ಹೋದರು. ನಮ್ಮ ಇತಿಹಾಸದಲ್ಲೇ ಪರೀಕ್ಷಕರೆಲ್ಲ ಹೀಗೆ ಒಮ್ಮತಕ್ಕೆ ಬಂದ ಪಾದ ಅದೊಂದೇ.

ಆಮೇಲೆ ಒಂದು ತಣ್ಣನೆಯ ಕೈ ಬಂತು.

ಪರದೆ ಇದ್ದದ್ದು ಅವರಿಗೆ ಪಾದ ಯಾರದೆಂದು ಗೊತ್ತಾಗಬಾರದೆಂದು. ಕೈ ಯಾರದೆಂದು ನನಗೆ ಗೊತ್ತಾಗಬಾರದೆಂದು ಆ ಮೇಷ್ಟ್ರಿಗೆ ಹೊಳೆದಿರಲಿಲ್ಲ. ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಗಿರಬೇಕು. ಯಾಕೆಂದರೆ ಅದಕ್ಕೆ ಒಂದು ತಿಂಗಳ ಮುಂಚೆ ಪ್ಲಾಸ್ಟರ್ ಕತ್ತರಿಸುವ ಯಂತ್ರ ನನ್ನ ಬಲಗಾಲಿನ ಮೇಲೆ ಬಿದ್ದಿತ್ತು, ಕಿರುಬೆರಳಿನ ಬುಡದಲ್ಲಿ ಇಂದಿಗೂ ಕುಡುಗೋಲಿನಾಕಾರದ ಗಾಯದ ಕಲೆ ಇದೆ. ಅದಕ್ಕೆ ಹೊಲಿಗೆ ಹಾಕಿದವರು ಇವರೇ. ತಮ್ಮ ಹೊಲಿಗೆಯನ್ನು ತಾವು ಗುರುತಿಸದ ಡಾಕ್ಟರು ಉಂಟೇ?

ಆ ಕೈ ಬೇಗ ಹೋಗಲಿಲ್ಲ. ಉಳಿದವರೆಲ್ಲ ಮುಟ್ಟಿ ಹೋದ ಪಾದವನ್ನು ಆ ಕೈ ಹಿಡಿದುಕೊಂಡಿತ್ತು. ಬಂದಾಗ ತಣ್ಣಗಿತ್ತು, ಬಿಡುವ ಹೊತ್ತಿಗೆ ಬೆಚ್ಚಗಾಗಿತ್ತು. ಮುಂದಿನ ಸಾಲಿನವರು ನಗಬಾರದು, ಇದು ವೈಜ್ಞಾನಿಕ ವಿವರ.

ಸಂಜೆ ಮೇಷ್ಟ್ರು ಇದೇ ವೇದಿಕೆಯಲ್ಲಿ ನಿಂತು ಫಲಿತಾಂಶ ಹೇಳಿದ. ಮೊದಲ ಮಾತೇ, "ನೀವೆಲ್ಲಾ ಒಂದೇ ಆಸ್ಪತ್ರೇಲಿ ಕೆಲಸ ಮಾಡ್ತೀರಾ?" ಎಂಬುದು. ಕಮಾನಿನ ವಿಷಯದಲ್ಲಿ ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಹೆಚ್ಚು ಒಪ್ಪಿಗೆ ಬರುತ್ತಿತ್ತು ಎಂದ. ಹಿಮ್ಮಡಿಯ ವಿಷಯದಲ್ಲಿ ನಾಣ್ಯಕ್ಕೆ ಅವಮಾನ ಮಾಡುವುದಿಲ್ಲ ಎಂದ. ಕೊನೆಗೆ ನನ್ನ ಪಾದಕ್ಕೆ ಬಂದ. "ಈ ಒಂದು ಪಾದಕ್ಕೆ ನಾಡಿ ಇಲ್ಲ ಅಂತ ಎಲ್ಲರೂ ಹೇಳಿದ್ದಾರೆ, ಒಬ್ಬರನ್ನ ಬಿಟ್ಟು. ಆ ಒಬ್ಬರು ಹೇಳಿರೋದು, ನಾಡಿ ಇದೆ, ಬಲವಾಗಿದೆ, ಕುದುರೆ ಓಡಿದ ಹಾಗೆ ಓಡ್ತಿದೆ. ಯಾರ್ರೀ ಅದು?"

ತಣ್ಣಗೈ ಡಾಕ್ಟರು ಎದ್ದು ನಿಂತರು. ಆಗಿನ ಮುಖ್ಯಸ್ಥರು, ದೇವರು ಅವರ ಆತ್ಮಕ್ಕೂ ಅವರ ಬಾಯಿಗೂ ಶಾಂತಿ ಕೊಡಲಿ, ನನ್ನನ್ನು ಮುಂದೆ ಕರೆದು ಕುರ್ಚಿಯಲ್ಲಿ ಕೂರಿಸಿ, ಶೂ ಬಿಚ್ಚಿಸಿ, ಸಭೆಯೆದುರೇ ತಾವೇ ಮುಟ್ಟಿ ನೋಡಿದರು. "ಎಲ್ರೀ ಇದೆ?" ಎಂದು ಗುಡುಗಿದರು. ಇವರು ನನ್ನ ಪಾದವನ್ನು ನೋಡಿದರು, ನನ್ನ ಮುಖವನ್ನು ನೋಡಲಿಲ್ಲ. ಆಮೇಲೆ ಹೇಳಿದರು, "ನಾನು ಹಿಡಿದಾಗ ಇತ್ತು, ಸಾರ್."

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅಂದಿನಿಂದ ಅದು ನಮ್ಮ ವಿಭಾಗದ ಮಾತಾಯಿತು. ಬೀಗದ ಕೈ ಕಳೆದರೆ, ನಾನು ಹಿಡಿದಾಗ ಇತ್ತು. ಕ್ಯಾಂಟೀನಿನ ಚಹಾದಲ್ಲಿ ಸಕ್ಕರೆ ಇಲ್ಲದಿದ್ದರೆ, ನಾನು ಹಿಡಿದಾಗ ಇತ್ತು. ಒಬ್ಬ ಸಹಾಯಕರ ಮದುವೆ ಮುರಿದುಬಿದ್ದಾಗಲೂ ಯಾರೋ ಈ ಮಾತು ಆಡಿ ಪೆಟ್ಟು ತಿಂದರು.

ಆದರೆ ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ಮೇಷ್ಟ್ರ ವರದಿಯ ಕಾರಣದಿಂದ ಮುಖ್ಯಸ್ಥರ ಕುರ್ಚಿಗೆ ಹೆಸರು ಬಂದಾಗ ಇವರನ್ನು ಕೈಬಿಟ್ಟರು. ಇಲ್ಲದ ನಾಡಿಯನ್ನು ಇದೆ ಎನ್ನುವವರು ಮುಖ್ಯಸ್ಥರಾಗುವುದು ಹೇಗೆ? ಒಂದು ಸಲ "ತಪ್ಪಾಯ್ತು, ನನ್ನ ಬೆರಳಿನ ಮಿಡಿತವನ್ನೇ ಪಾದದ್ದು ಅಂದುಕೊಂಡೆ" ಎಂದಿದ್ದರೆ ಮುಗಿಯುತ್ತಿತ್ತು. ಅದು ಎಲ್ಲರೂ ಕಲಿಯುವ ಕಾಲದಲ್ಲಿ ಮಾಡುವ ತಪ್ಪು. ಜೋರಾಗಿ ಒತ್ತಿ ಹಿಡಿದರೆ ಪರೀಕ್ಷಕನ ಬೆರಳ ತುದಿಯಲ್ಲಿ ಅವನದೇ ನಾಡಿ ಮಿಡಿಯುತ್ತದೆ, ಅವನು ರೋಗಿಯದು ಎಂದುಕೊಳ್ಳುತ್ತಾನೆ. ಸಮಿತಿಯವರು ಇವರನ್ನು ಎದುರಿಗೆ ಕೂರಿಸಿಕೊಂಡು, ಹಾಗೇನಾದರೂ ಆಗಿರಬಹುದೇ ಎಂದು ಕೇಳಿಯೇ ಕೇಳಿದರು. ಇವರು ಏನೆಂದರು? ಬೇಡ, ನಾನು ಹೇಳುವುದಿಲ್ಲ, ನೀವೇ ಹೇಳಿ. ಎಲ್ಲರೂ ಒಟ್ಟಿಗೆ. ಹಾಂ, ಅದೇ.

ಎಷ್ಟೋ ವರ್ಷಗಳ ಮೇಲೆ ಆ ಕುರ್ಚಿ ನನಗೆ ಬಂತು. ಇವರು ಬಂದು ಅಭಿನಂದಿಸಿದರು. ಕೈ ಕುಲುಕಿದರು. ತಣ್ಣಗಿತ್ತು.

ಇವರ ಹಟ ನನಗೆ ಸಿಟ್ಟು ತರಿಸುತ್ತಿತ್ತು, ಮುಚ್ಚಿಡುವುದೇನು? ನನ್ನ ಪಾದ, ನನ್ನ ನಾಡಿ, ಇಲ್ಲ ಎಂದು ನನಗೆ ಗೊತ್ತು, ಇದೆ ಎನ್ನಲು ಇವರು ಯಾರು? ಮನೆಗೆ ಹೋಗಿ ಎಷ್ಟೋ ಸಲ ಮಂಚದ ಮೇಲೆ ಕೂತು ನಾನೇ ಹಿಡಿದು ನೋಡಿಕೊಂಡಿದ್ದೇನೆ. ಇಲ್ಲ. ಮತ್ತೆ ನೋಡಿದ್ದೇನೆ. ಇಲ್ಲವೇ ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಊರೋರ ಕಾಲು ಸಾಲ್ದು ಅಂತ ಈಗ ನಿನ್ನ ಕಾಲೇ ಹಿಡ್ಕೊಂಡಿದ್ದೀಯಾ?" ಎನ್ನುತ್ತಿದ್ದಳು. ಆಕೆ ನನಗೆ ಗಂಡು ಹುಡುಕಿ ಹುಡುಕಿ ಸುಸ್ತಾಗಿದ್ದಳು. ಬಂದವರ ಪಾದದ ಮೇಲೆಯೇ ನನ್ನ ಕಣ್ಣು. ಒಬ್ಬನದು ಚಪ್ಪಟೆ, ಒಬ್ಬನ ಹೆಬ್ಬೆರಳು ಸೊಟ್ಟ, ಒಬ್ಬನದು ಎಲ್ಲ ಸರಿಯಾಗಿತ್ತು, ಅದಕ್ಕೇ ಅನುಮಾನ ಬಂತು. "ನೀನು ಮುಖ ನೋಡೋದು ಯಾವಾಗ್ಲೇ?" ಎಂದು ಅಮ್ಮ ಕೇಳಿದಳು. ಮುಖ ಬೆಳಗಿಂದ ಸಂಜೆಯವರೆಗೆ ಎದುರು ಕೋಣೆಯಲ್ಲೇ ಇರುತ್ತದೆ ಎಂದು ನಾನು ಹೇಳಲಿಲ್ಲ. ಅಯ್ಯೋ. ಇದನ್ನು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ. ನಿರೂಪಕಿ, ಸ್ವಲ್ಪ ನೀರು ಕೊಡಮ್ಮ.

ಹೋದ ವಾರ ಹೊಸ ತಂಡಕ್ಕೆ ಪಾಠ ಮಾಡುತ್ತಿದ್ದೆ. ನನ್ನ ಹಳೆಯ ಉಪಾಯ ನಮ್ಮವರಿಗೆ ಗೊತ್ತು. ನನ್ನ ಬಲಪಾದವನ್ನೇ ಸ್ಟೂಲಿನ ಮೇಲಿಟ್ಟು, ಬಂದು ನಾಡಿ ಹುಡುಕಿ ಎನ್ನುತ್ತೇನೆ. ಸಿಕ್ಕಿತು ಎಂದವರು ಸಿಕ್ಕಿಬಿದ್ದರು. ಅವರಿಗೆ ನಿಯಮ ಹೇಳಿಕೊಡುತ್ತೇನೆ. ಒಂದು ಕೈಯಲ್ಲಿ ಪಾದ, ಇನ್ನೊಂದು ಕೈಯಲ್ಲಿ ರೋಗಿಯ ಮಣಿಕಟ್ಟು ಹಿಡಿ. ಎರಡೂ ಒಟ್ಟಿಗೆ ಮಿಡಿದರೆ ರೋಗಿಯದು. ಇಲ್ಲದಿದ್ದರೆ ನಿನ್ನದು.

ಆ ದಿನ ಒಬ್ಬಳು, ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಹೆದರಿ ಬೆವರುತ್ತಾ ಬಂದು ಪಾದ ಹಿಡಿದಳು. "ಇದೆ ಮೇಡಂ, ತುಂಬಾ ಜೋರಾಗಿ ಓಡ್ತಿದೆ" ಎಂದಳು. ನಾನು ನಕ್ಕು, "ಓಡ್ತಿರೋದು ನಿನ್ನ ಎದೆ ಕಣಮ್ಮಾ. ಇಲ್ಲದ ನಾಡಿ ಹಾಗೆ ಓಡಬೇಕಾದ್ರೆ ಹಿಡಿದೋರ ಎದೆ ಓಡ್ತಿರಬೇಕು. ಯಾಕೆ ನನ್ನ ಕಂಡ್ರೆ ಅಷ್ಟು ಭಯ..." ಎಂದು ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ.

ಆ ಹುಡುಗಿ, "ಏನಾಯ್ತು ಮೇಡಂ?" ಎಂದಳು. "ಏನಿಲ್ಲ" ಎಂದೆ. "ಎಲ್ರಿಗೂ ನಿಮ್ಮ ಕಂಡ್ರೆ ಭಯವೇ ಅಲ್ವಾ ಮೇಡಂ?" ಎಂದಳು. "ಒಬ್ಬರಿಗೆ ಇರ್ಲಿಲ್ಲ" ಎಂದೆ. ಆ ದಿನದ ಪಾಠ ಅಲ್ಲಿಗೇ ಮುಗಿಸಿದೆ.

ಸಭಿಕರೇ, ಭಯವಿಲ್ಲದೆ, ಓಡದೆ, ಮೆಟ್ಟಿಲು ಹತ್ತದೆ, ಮನುಷ್ಯನ ನಾಡಿ ಕುದುರೆಯ ಹಾಗೆ ಓಡಲು ಇನ್ನೇನು ಕಾರಣವಿದೆ? ಲಿಫ್ಟಿನ ಕತ್ತಲೆಯಲ್ಲಿ ಏರದ ನಾಡಿ, ಎಂದೂ ಏರುವುದಿಲ್ಲ ಎಂದು ಸ್ವತಃ ಸಾರಿಕೊಂಡ ನಾಡಿ, ಒಂದು ಗಾಯದ ಕಲೆಯ ಪಾದ ಹಿಡಿದಾಗ ಏರಿತೆಂದರೆ ಅದಕ್ಕೆ ಏನೆನ್ನಬೇಕು? ಆ ಮಿಡಿತ ತಮ್ಮ ಬೆರಳಿನದೇ ಎಂದು ಇವರು ಸಮಿತಿಯೆದುರು ಒಪ್ಪಿಕೊಂಡಿದ್ದರೆ ಮುಂದಿನ ಪ್ರಶ್ನೆ ಏನಾಗುತ್ತಿತ್ತು? "ನಿಮ್ದು ಯಾಕ್ರೀ ಅಷ್ಟು ಓಡ್ತಿತ್ತು?" ಅದಕ್ಕೆ ಉತ್ತರ ಕೊಡುವುದಕ್ಕಿಂತ ದಡ್ಡನೆನಿಸಿಕೊಳ್ಳುವುದೇ ವಾಸಿ ಎಂದುಕೊಂಡ ಮನುಷ್ಯ ಕುರ್ಚಿ ಬಿಟ್ಟುಕೊಟ್ಟ, ಹೆಸರು ಬಿಟ್ಟುಕೊಟ್ಟ, ಚಹಾದ ಸಕ್ಕರೆಯವರೆಗೆ ಗೇಲಿ ಮಾಡಿಸಿಕೊಂಡ, ಬಾಯಿ ಮಾತ್ರ ಬಿಡಲಿಲ್ಲ. ಇಂಥವರಿಗೆ ಗಾಜಿನ ಪಾದ ಕೊಟ್ಟು ಕಳಿಸುತ್ತೀರಾ? ನಾಲ್ಕು ಬಾರಿಸಿ ಕಳಿಸಬೇಕು.

ಇಲ್ಲ, ಸಿಟ್ಟಿನಲ್ಲಿ ಹೇಳುತ್ತಿಲ್ಲ. ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು ಡಾಕ್ಟರೇ? ನಮ್ಮಮ್ಮ ಬದುಕಿದ್ದಾಗ ಆಡಿದ್ದರೆ? ಪಾಪ, ಕಾಲು ಹಿಡಿಯುವವನಾದರೂ ಸರಿ ಎಂದು ಕೊನೆಕೊನೆಗೆ ಆಕೆಯೂ ಮೆತ್ತಗಾಗಿದ್ದಳು.

ನನ್ನ ಪ್ರಶ್ನೆ ಇನ್ನೂ ಕೇಳಿಲ್ಲ. ಮೇಷ್ಟ್ರ ಪರೀಕ್ಷೆಗೆ ಎರಡನೇ ಸುತ್ತು ಒಂದಿತ್ತು. ಪರೀಕ್ಷಕನನ್ನು ನಂಬಬೇಕಾದರೆ ಅದೇ ಪರೀಕ್ಷಕ ಅದೇ ಪಾದವನ್ನು ಸ್ವಲ್ಪ ಕಾಲ ಬಿಟ್ಟು ಇನ್ನೊಮ್ಮೆ ನೋಡಬೇಕು, ಎರಡು ಸಲವೂ ಅದನ್ನೇ ಹೇಳುತ್ತಾನೆಯೇ ಎಂದು ತಿಳಿಯಬೇಕು. ಎರಡನೇ ಸುತ್ತಿನ ದಿನ ಇವರು ಹೊಟ್ಟೆನೋವು ಎಂದು ರಜೆ ಹಾಕಿದರು. ಹಾಗಾಗಿ ನಮ್ಮ ಅಧ್ಯಯನ ಇಂದಿಗೂ ಅಪೂರ್ಣ. ಮುಖ್ಯಸ್ಥೆಯಾಗಿ ನನಗೆ ಇದು ಸರಿಕಾಣುವುದಿಲ್ಲ. ಎರಡು ಪರೀಕ್ಷೆಗಳ ನಡುವೆ ಮೊದಲನೆಯದು ಮರೆತುಹೋಗುವಷ್ಟು ಅಂತರ ಇರಬೇಕು ಎನ್ನುತ್ತದೆ ಪುಸ್ತಕ. ಅಂತರ ಧಾರಾಳವಾಗಿ ಆಗಿದೆ. ಮರೆತಿದ್ದೀರೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.

ಪ್ರಶ್ನೆ ಇಷ್ಟೇ. ಡಾಕ್ಟರೇ, ಇನ್ನೊಂದು ಸಲ ಹಿಡಿದು ನೋಡುತ್ತೀರಾ?

ಊಟ ಆದ ಮೇಲೆ ನನ್ನ ಕೋಣೆ ತೆರೆದಿರುತ್ತದೆ. ನೆಗ್ಗಿದ ಲೋಟದಲ್ಲಿ ಬಿಸಿನೀರು ಇಡಿಸಿದ್ದೇನೆ, ಬೇಕಾಗಲಿಕ್ಕಿಲ್ಲ. ಈ ಸಲ ನಿಮ್ಮ ಮಣಿಕಟ್ಟು ನನ್ನ ಕೈಯಲ್ಲಿರುತ್ತದೆ. ಸಿಕ್ಕಿದ ನಾಡಿ ಯಾರದು ಎಂದು ಇಬ್ಬರೂ ಸೇರಿ ತೀರ್ಮಾನಿಸೋಣ. ಲಾರಿಯವನಿಗೆ ಏನು ಹೇಳಬೇಕೆಂಬುದು ಫಲಿತಾಂಶ ಬಂದ ಮೇಲೆ.

ಐದು ನಿಮಿಷ ಯಾವಾಗಲೋ ಮುಗಿದಿದೆ. ನನ್ನನ್ನು ಕೆಳಗಿಳಿಸದ ಅಧ್ಯಕ್ಷರಿಗೆ, ಶೂ ಬಗ್ಗೆ ಆಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳದ ಮುಖ್ಯ ಅತಿಥಿಗಳಿಗೆ, ನನ್ನ ದನಿ ನಡುಗಿದಾಗ ಮೈಕು ಸ್ವಲ್ಪ ತಗ್ಗಿಸಿದ ಧ್ವನಿವರ್ಧಕದವರಿಗೆ, ಅಳು ತಡೆದುಕೊಂಡು ಗಂಟೆ ಬಾರಿಸುವುದನ್ನು ಮರೆತ ನಿರೂಪಕಿಗೆ, ಊಟ ಆರಿಹೋಗುತ್ತಿದ್ದರೂ ಕದಲದ ಹಿಂದಿನ ಸಾಲಿಗೆ ನನ್ನ ಕೃತಜ್ಞತೆಗಳು.

ಏನ್ರೀ ಡಾಕ್ಟ್ರೇ, ಇಷ್ಟು ಹೊತ್ತಿನಿಂದ ನಿಮ್ಮ ಮಣಿಕಟ್ಟು ನೀವೇ ಹಿಡ್ಕೊಂಡು ಕೂತಿದ್ದೀರಲ್ಲ, ಬಿಡಿ. ತನ್ನ ನಾಡಿ ತಾನೇ ನೋಡಿಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಎರಡನೇ ಪರೀಕ್ಷಕರು ಬೇಕು. ಇಳಿದು ಬರುತ್ತಿದ್ದೇನೆ.

ನಮಸ್ಕಾರ.